ಡಿಗ್ರಿ ಓದೋ ಹುಡುಗೀನೂ ‘ಕೂಸು’ ಹೇಗಾದ್ಲು?

ಪ್ರಶ್ನೆ: ನಮ್ಮದು ಮಂಡ್ಯ. ಅಕ್ಕ ಮದುವೆಯಾಗಿ ಶಿರಸಿ ಹತ್ರ ಹವ್ಯಕರ ಮನೆ ಸೇರಿದಾಳೆ. ಅವಳ ನಾದಿನಿ ಡಿಗ್ರಿ ಓದ್ತಿದಾಳೆ, ಆದ್ರೂ ಮನೇಲಿ ಎಲ್ರೂ ‘ಕೂಸು ಬಂತು’ ಅಂತಾರೆ. ನಮ್ಮಲ್ಲಿ ಕೂಸು ಅಂದ್ರೆ ತೊಟ್ಟಿಲಲ್ಲಿರೋ ಮಗು. ಇದೇನು ಮುದ್ದಿಗೆ ಕರೆಯೋದಾ?

ಉತ್ತರ: ಮುದ್ದಿಗಲ್ಲ, ಹವ್ಯಕ ಕನ್ನಡದಲ್ಲಿ ಹುಡುಗಿ ಅನ್ನೋದಕ್ಕಿರೋ ಮಾಮೂಲಿ ಪದಾನೇ ಕೂಸು, ಹುಡುಗ ಆದ್ರೆ ಮಾಣಿ. ಮದುವೆ ಮಾತುಕತೇಲೂ ನಾವು ಗಂಡು-ಹೆಣ್ಣು ಅನ್ನೋ ಕಡೆ ಅವರು ಮಾಣಿ-ಕೂಸು ಅಂತಾರೆ. ‘ಬಂದ್ಲು’ ಅನ್ನದೆ ‘ಬಂತು’ ಅನ್ನೋದ್ರಲ್ಲಿ ಅಗೌರವ ಏನೂ ಇಲ್ಲ, ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಮಾತಾಡುವಾಗ ನಪುಂಸಕಲಿಂಗ ಬಳಸೋದು ರೂಢಿ, ದಯವಿಟ್ಟು ಇದನ್ನ ತಪ್ಪು ತಿಳ್ಕೋಬೇಡಿ.

ನಿಮ್ಮ ಕಡೆ ಅರ್ಥಾನೂ ಸರೀನೇ. 2023ರಲ್ಲಿ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ಶುರು ಮಾಡಿದ ಶಿಶುಪಾಲನಾ ಕೇಂದ್ರಗಳಿಗೆ ‘ಕೂಸಿನ ಮನೆ’ ಅಂತ ಹೆಸರಿಟ್ಟಿದ್ದು ಇದೇ ಅರ್ಥದಲ್ಲಿ. ಆದ್ರೆ ಹಳಗನ್ನಡಕ್ಕೆ ಹೋದ್ರೆ ಈ ಪದ ತೊಟ್ಟಿಲಿಗೆ ಅಂಟಿಕೊಂಡಿಲ್ಲ. ಹರಿಹರ ಬರೆದ ಕೋಳೂರು ಕೊಡಗೂಸಿನ ರಗಳೆ ನೆನಪಿಸ್ಕೊಳ್ಳಿ, ಅಪ್ಪ ಊರಲ್ಲಿಲ್ಲದಾಗ ಶಿವನಿಗೆ ಹಾಲಿಡೋ ಕೆಲಸ ಮಗಳಿಗೆ ಬರುತ್ತೆ, ಹಾಲು ಮುಂದಿಟ್ರೂ ಶಿವ ಕುಡಿಯಲ್ಲ, ಅವಳು ಅತ್ತು ಹಟ ಹಿಡಿದು ಕೊನೆಗೂ ಕುಡಿಸ್ತಾಳೆ. ಹಾಲು ಅಂದ ತಕ್ಷಣ ಕೊಡಗೂಸು ಅಂದ್ರೆ ಕೊಡ ಹಿಡಿದ ಕೂಸು ಅಂದ್ಕೊಳ್ಳೋರು ಜಾಸ್ತಿ, ಆದ್ರೆ ಇಲ್ಲಿ ‘ಕೊಡ’ ಅಂದ್ರೆ ಎಳೆಯ ಅಂತ, ಅಂದ್ರೆ ಎಳೇ ಹುಡುಗಿ. ನಡೆದಾಡಿ ಮಾತಾಡಿ ದೇವರ ಜೊತೇನೇ ಜಗಳಕ್ಕೆ ನಿಲ್ಲೋ ಹುಡುಗಿ ಇದು, ತೊಟ್ಟಿಲ ಮಗು ಅಲ್ಲ.

ನನಗೆ ಇನ್ನೂ ಇಷ್ಟ ಆಗೋದು ಹೆಂಗಸು ಅನ್ನೋ ಪದ. ಹಾಲು ಮೊದಲು ಪಾಲ್ ಆಗಿದ್ದ ಹಾಗೆ ಹೆಣ್ಣು ಪೆಣ್ ಆಗಿತ್ತು, ತಮಿಳಲ್ಲಿ ಇವತ್ತಿಗೂ ಹಾಗೇ ಇದೆ, ತುಳುವಿನಲ್ಲಿ ಪೊಣ್ಣು. ಈ ಪೆಣ್ ಜೊತೆ ಕೂಸು ಸೇರಿ ಪೆಂಗೂಸು, ಆಮೇಲೆ ಪ ಹೋಗಿ ಹ ಬಂದು ಹೆಂಗೂಸು, ಅದೇ ಸವೆದು ಹೆಂಗಸು. ಅಂದ್ರೆ ಮಂಡ್ಯದಲ್ಲಿ ನಿಮ್ಮಮ್ಮನ ವಯಸ್ಸಿನೋರನ್ನ ಹೆಂಗಸು ಅನ್ನುವಾಗ್ಲೂ ಆ ಪದದೊಳಗೆ ಕೂಸು ಇದ್ದೇ ಇದೆ.

ಹವ್ಯಕರು ದೊಡ್ಡ ಹುಡುಗೀನ ಮಗು ಮಾಡಿಲ್ಲ, ಹುಡುಗಿ ಅನ್ನೋ ಹಳೇ ಅರ್ಥಾನ ಬಿಡದೆ ಇಟ್ಕೊಂಡಿದಾರೆ, ಅದನ್ನ ಬರೀ ಮಗುವಿಗೆ ಮೀಸಲು ಮಾಡಿದ್ದು ನಾವು. ಶಿರಸಿಗೆ ಹೋದಾಗ ನೀವೂ ಸಂಕೋಚ ಇಲ್ಲದೆ ‘ಕೂಸು ಎಲ್ಲಿ?’ ಅಂತ ಕೇಳಿ.