ಪ್ರತಿ: ಬರಲಾರದ ಖಾಲಿ ಪಟ್ಟಿಗೆ ಸೊನ್ನೆ ಬರೆಯಲಾ?

ಮಂಡ್ಯದ ಆಲೆಮನೆ ಲೆಕ್ಕಕ್ಕೆ ಓಕ್ಯಾಮಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ! ಖುಷಿಯಾಯಿತು ಸಾರ್. ಪ್ರತಿ ಗಾಡಿಗೂ ಒಂದಾದರೂ ತೂಕದ ಚೀಟಿ ಇದ್ದೇ ಇರುತ್ತದೆ, ಆದರೂ ಕಂಪೈಲರ್ (ಕೋಡ್ ಪರೀಕ್ಷಿಸಿ ಪ್ರೋಗ್ರಾಂ ಆಗಿಸುವ ಸಾಧನ) ಚೀಟಿಗಳ ಪಟ್ಟಿ ಖಾಲಿ ಇದ್ದರೆ ಏನು ಮಾಡಬೇಕು ಅನ್ನುವುದನ್ನು ಬಿಟ್ಟಿದ್ದೀರಿ ಅಂತ 8ನೇ ನಂಬರಿನ ವಾರ್ನಿಂಗ್ ಕೊಡುತ್ತಿದೆ, ಅಲ್ಲಿ ಸೊನ್ನೆ ಬರೆಯಲಾ ಅಂತ ಕೇಳಿದ್ದೀರಿ. ಬೇಡ. ಎಲ್ಲೋ ಚೀಟಿ ತಪ್ಪಿಹೋದರೆ ರೈತನ ಕಬ್ಬು ಸೊನ್ನೆ ಕೆಜಿ ಅಂತ ಸುಮ್ನೆ ದಾಖಲಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಸದ್ಯಕ್ಕೆ ಅಲ್ಲಿ ‘ಅಸರ್ಟ್ ಫಾಲ್ಸ್’ ಹಾಕಿ, ಅಂದರೆ ‘ಇಲ್ಲಿಗೆ ಬರಲೇಬಾರದು’ ಅಂತ. ಅಲ್ಲಿಗೆ ಬಂದರೆ ಪ್ರೋಗ್ರಾಂ ನಿಂತು ಫೈಲ್ ಹೆಸರು, ಸಾಲಿನ ಸಂಖ್ಯೆ ಹೇಳುತ್ತದೆ. ಅಸರ್ಟ್ ಪರೀಕ್ಷೆಗಳನ್ನು ತೆಗೆದುಹಾಕುವ ‘ನೋಅಸರ್ಟ್’ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೂ ಇದೊಂದು ಉಳಿಯುತ್ತದೆ. ಇನ್ನೂ ಒಳ್ಳೆಯದು ಟೈಪನ್ನೇ, ಅಂದರೆ ಮಾಹಿತಿಯ ರೂಪವನ್ನೇ, ಬದಲಿಸುವುದು: ಮೊದಲ ಚೀಟಿ ಬೇರೆ, ಉಳಿದವುಗಳ ಪಟ್ಟಿ ಬೇರೆ. ಆಗ ಖಾಲಿ ಅನ್ನುವ ಮಾತೇ ಇಲ್ಲ, ಅಲ್ವಾ?

ಹಾಂ, ಗಾಡಿಯ ಬಗೆ ನೋಡಿ ಮ್ಯಾಚ್ ಮಾಡುವಲ್ಲಿ ‘ಉಳಿದದ್ದು ಏನಿದ್ದರೂ ಸರಿ’ ಅನ್ನುವ ಅಂಡರ್‌ಸ್ಕೋರ್ (_) ಇದ್ದರೆ ತೆಗೆದು ಪ್ರತಿ ಬಗೆಯನ್ನೂ ಹೆಸರಿಸಿ. ಅದು ಇದ್ದರೆ, ನಾಳೆ ಎತ್ತಿನಗಾಡಿ, ಟ್ರ್ಯಾಕ್ಟರ್ ಜೊತೆ ಲಾರಿ ಸೇರಿಸಿದಾಗ ಅದನ್ನು ಬಿಟ್ಟಿದ್ದೀರಿ ಅಂತ ಕಂಪೈಲರ್ ತುಟಿ ಬಿಚ್ಚುವುದಿಲ್ಲ.