ಕದ್ದು ತಂದದ್ದು, ಬಚ್ಚಿಟ್ಟು ಕಾಪಾಡಿದ್ದು

ಮಾನ್ಯ ಮೇಷ್ಟ್ರೇ,

ಶಿರಸಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಫ್ರಾನ್ಸಿನ ಕೋಂಕ್ ಎಂಬ ಊರಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಎರಡು ಆಕ್ಷೇಪ ಎತ್ತಿದ್ದೀರಿ, ಎರಡು ಪ್ರಶ್ನೆ ಕೇಳಿದ್ದೀರಿ. ಮುನ್ನೂರು ಜನರೂ ಇಲ್ಲದ ಊರಿಗೆ ಇಷ್ಟು ಪುಟ ಯಾಕೆ? ಕದ್ದು ತಂದ ಅಸ್ಥಿಯನ್ನು ‘ಪವಿತ್ರ’ ಎಂದು ಬರೆಯಲು ಮನಸ್ಸಾದರೂ ಹೇಗೆ ಬಂತು? ‘ಕಮ್ಯೂನ್’ ಅಂದರೆ ಎಲ್ಲರೂ ಒಟ್ಟಿಗೆ ಉಂಡು ಬಾಳುವ ಆಶ್ರಮವೇ? ಇಗರ್ಜಿಯ ಬಾಗಿಲ ಮೇಲಿನ ಶಿಲ್ಪದ ಅಂಚಿನಲ್ಲಿ ಇಣುಕುತ್ತಿರುವ ಮುಖಗಳು ಯಾರವು? ಈ ನಾಲ್ಕಕ್ಕೂ ಉತ್ತರ ಕೊಡುವುದು ನನ್ನ ಕೆಲಸ.

ಮೊದಲು ಕಮ್ಯೂನ್. ಆ ಪದವನ್ನು ಬಿಡಿಸಿ ಹೇಳದೆ ಅಚ್ಚಿಗೆ ಕಳಿಸಿದ್ದು ನಮ್ಮ ತಪ್ಪು. ಫ್ರಾನ್ಸಿನಲ್ಲಿ ಕಮ್ಯೂನ್ ಎಂದರೆ ಆಡಳಿತದ ಕಟ್ಟಕಡೆಯ ಘಟಕ. ನಮ್ಮ ಗ್ರಾಮ ಪಂಚಾಯ್ತಿಯನ್ನು ನೆನೆದರೆ ಅಂದಾಜು ಸಿಗುತ್ತದೆ, ಆದರೆ ಅಲ್ಲಿ ಪ್ಯಾರಿಸ್ಸೂ ಒಂದು ಕಮ್ಯೂನ್, ಕೋಂಕ್‌ನಂಥ ಹಳ್ಳಿಯೂ ಒಂದು ಕಮ್ಯೂನ್. 1789ರ ಕ್ರಾಂತಿಯ ವರ್ಷದಲ್ಲೇ, ಡಿಸೆಂಬರ್‌ನಲ್ಲಿ, ಹಳೆಯ ಇಗರ್ಜಿ ವಲಯಗಳ ಗಡಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡು ಇವನ್ನು ರಚಿಸಿದರು. ಇಂದಿಗೂ ದೇಶದಲ್ಲಿ ಸುಮಾರು 35,000 ಕಮ್ಯೂನ್‌ಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ ಐನೂರನ್ನೂ ಮುಟ್ಟುವುದಿಲ್ಲ. ಎಷ್ಟೇ ಚಿಕ್ಕದಿರಲಿ, ಅದಕ್ಕೊಬ್ಬ ಮೇಯರ್, ಒಂದು ಕಚೇರಿ. ಮದುವೆ ಮಾಡಿಸುವುದು, ಹುಟ್ಟು ಸಾವು ಬರೆಸಿಕೊಳ್ಳುವುದು ಅವರ ಹೊಣೆ. ಜನ ಕಡಿಮೆಯಾಗುತ್ತ ಬಂದಂತೆ ಒಂದಕ್ಕೊಂದು ಸೇರಿಕೊಳ್ಳುವುದೂ ಉಂಟು. ಕೋಂಕ್ 2016ರ ಜನವರಿ 1ರಂದು ನೆರೆಯ ಮೂರು ಕಮ್ಯೂನ್‌ಗಳ ಜೊತೆ ಸೇರಿ ಕೋಂಕ್-ಆಂ-ರುಎರ್ಗ್ ಆಯಿತು. ನಾಲ್ಕೂ ಸೇರಿ ಸುಮಾರು 1,600 ಜನ.

ಇನ್ನು ಊರು. ದಕ್ಷಿಣ ಫ್ರಾನ್ಸಿನ ಅವೆರೋಂ ಜಿಲ್ಲೆಯಲ್ಲಿ, ರೋದೆಸ್ ಪಟ್ಟಣದ ಉತ್ತರಕ್ಕೆ, ದುರ್ದು ಎಂಬ ಹೊಳೆಗೆ ಉಶ್ ಎಂಬ ತೊರೆ ಬಂದು ಕೂಡುವಲ್ಲಿ, ಕಡಿದಾದ ಇಳಿಜಾರಿಗೆ ಅಂಟಿಕೊಂಡಂತೆ ಕೂತಿದೆ. ಲ್ಯಾಟಿನ್‌ನಲ್ಲಿ ‘ಕೋಂಕಾ’ ಎಂದರೆ ಚಿಪ್ಪು. ಕಣಿವೆಯ ಆಕಾರ ನೋಡಿ ಇಟ್ಟ ಹೆಸರು. ಮನೆಗಳಿಗೆ ಮರದ ಚೌಕಟ್ಟು, ಚಾವಣಿಗೆ ಹೆಂಚಿನ ಬದಲು ತೆಳ್ಳಗೆ ಸೀಳಿದ ಕಲ್ಲಿನ ಹಲಗೆ. ಸಪಾಟು ನೆಲ ಅನ್ನುವುದೇ ಇಲ್ಲ. ಎಂಟನೇ ಶತಮಾನದ ಕೊನೆಯ ಹೊತ್ತಿಗೆ ದಾದೋಂ ಎಂಬ ವಿರಕ್ತನೊಬ್ಬ ಇಲ್ಲಿ ನೆಲೆಸಿದ, ಅವನ ಸುತ್ತ ಮಠ ಬೆಳೆಯಿತು. ಆದರೆ ಜಾಗ ಎಷ್ಟು ಇಕ್ಕಟ್ಟು, ಎಷ್ಟು ದುರ್ಗಮ ಎಂದರೆ, ಒಂಬತ್ತನೇ ಶತಮಾನದಲ್ಲಿ ಫಿಜಾಕ್ ಎಂಬಲ್ಲಿ ‘ಹೊಸ ಕೋಂಕ್’ ಕಟ್ಟಿ ಮಠವನ್ನೇ ಅಲ್ಲಿಗೆ ಒಯ್ಯುವ ಯೋಚನೆ ನಡೆಯಿತು. ಹಳೆಯ ಮಠಕ್ಕೆ ಉಳಿವಿನ ಪ್ರಶ್ನೆ. ಆ ಕಾಲದಲ್ಲಿ ಮಠ ಉಳಿಯಬೇಕಾದರೆ ಯಾತ್ರಿಕರು ಬರಬೇಕು, ಯಾತ್ರಿಕರು ಬರಬೇಕಾದರೆ ಸಂತರ ಅಸ್ಥಿ ಇರಬೇಕು.

ನೀವು ಸಿಟ್ಟಾದ ಕಳವಿನ ಹಿನ್ನೆಲೆ ಇದು. ಅಜಾಂ ಎಂಬ ಪಟ್ಟಣದಲ್ಲಿ ಫ್ವಾ ಎಂಬ ಹುಡುಗಿಯ ಅಸ್ಥಿ ಇತ್ತು. ಫ್ವಾ ಎಂದರೆ ನಂಬಿಕೆ. ರೋಮನರ ದೇವರಿಗೆ ಬಲಿ ಅರ್ಪಿಸಲು ಒಪ್ಪದೆ, ಹನ್ನೆರಡರ ವಯಸ್ಸಿನಲ್ಲಿ, 303ರ ಸುಮಾರಿಗೆ ಪ್ರಾಣ ಕೊಟ್ಟವಳು ಎಂಬುದು ಪರಂಪರೆಯ ಮಾತು. ಕೋಂಕ್‌ನ ಸನ್ಯಾಸಿಯೊಬ್ಬ ಅಜಾಂಗೆ ಹೋಗಿ, ಅಲ್ಲಿಯವರಲ್ಲಿ ಒಬ್ಬನಾಗಿ ಹತ್ತು ವರ್ಷ ಇದ್ದು, ಸಮಾಧಿಯ ಕಾವಲನ್ನೇ ಗಿಟ್ಟಿಸಿಕೊಂಡು, ಒಂದು ರಾತ್ರಿ ಅಸ್ಥಿಯ ಸಮೇತ ಪರಾರಿಯಾದ ಎಂದು ಮಠದವರೇ ಬರೆದಿಟ್ಟಿದ್ದಾರೆ. ಇದು ನಡೆದದ್ದು 866ರಲ್ಲಿ ಎಂದು ಲೆಕ್ಕ. ಗಮನಿಸಿ, ಅವರು ಮುಚ್ಚಿಡಲಿಲ್ಲ. ಸಂತಳಿಗೆ ಮನಸ್ಸಿಲ್ಲದಿದ್ದರೆ ಅವಳನ್ನು ಎತ್ತಿಕೊಂಡು ಹೋಗುವ ಶಕ್ತಿ ಯಾರಿಗೂ ಇಲ್ಲ. ಬಂದಿದ್ದಾಳೆ ಎಂದರೆ ಬರಲು ಒಪ್ಪಿದಳು ಎಂದೇ ಅರ್ಥ. ಅದು ಆ ಕಾಲದ ತರ್ಕ. ನೀವು ಒಪ್ಪಬೇಕಿಲ್ಲ. ನನಗೂ ಹತ್ತು ವರ್ಷ ಸಹಪಂಕ್ತಿಯಲ್ಲಿ ಉಂಡ ಅಜಾಂನವರ ಮುಖ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ‘ಪವಿತ್ರ’ ಎಂಬ ಪದ ಲೇಖಕರು ಕೊಟ್ಟದ್ದಲ್ಲ, ಸಾವಿರ ವರ್ಷ ಆ ಮಲೆ ಹತ್ತಿ ಬಂದವರು ಕೊಟ್ಟದ್ದು. ಅದನ್ನು ತೆಗೆದುಹಾಕುವ ಹಕ್ಕು ನನಗಿದೆ ಎಂದು ನನಗೆ ಅನಿಸಲಿಲ್ಲ.

ಜನ ಬಂದರು. ಹರಕೆಯ ಚಿನ್ನ ಬಂತು. ಅದರಿಂದಲೇ ಆದದ್ದು ಲೇಖನದಲ್ಲಿ ನೀವು ನೋಡಿದ ಆ ಮೂರ್ತಿ. ಎತ್ತರ 85 ಸೆಂಟಿಮೀಟರ್, ಒಂದು ಮಗುವಿನಷ್ಟು. ಒಳಗೆ ಮರ, ಮೇಲೆ ಚಿನ್ನದ ತಗಡು. ಸಿಂಹಾಸನದ ಮೇಲೆ ನೆಟ್ಟಗೆ ಕೂತ ಭಂಗಿ. ತಲೆ ಮಾತ್ರ ಬೇರೆ ಕಾಲದ್ದು: ರೋಮನ್ ಸಾಮ್ರಾಜ್ಯದ ಕೊನೆಗಾಲದ, ಬಹುಶಃ ಒಬ್ಬ ಚಕ್ರವರ್ತಿಯದ್ದೇ ಇರಬಹುದಾದ ಚಿನ್ನದ ಮುಖವನ್ನು ಆ ಹುಡುಗಿಯ ಹೆಗಲ ಮೇಲೆ ಕೂರಿಸಿದ್ದಾರೆ. ಅವಳನ್ನು ಕೊಂದ ಸಾಮ್ರಾಜ್ಯದ ಮುಖ ಅದು! ಮೈತುಂಬ ಭಕ್ತರು ಕೊಟ್ಟ ಹರಳು, ಕೆತ್ತಿದ ರತ್ನ. ದಿಟ್ಟಿಸಿ ನೋಡುವ ಕಣ್ಣು. 1013ರ ಸುಮಾರಿಗೆ ಆಂಜೆಯಿಂದ ಬಂದ ಬೆರ್ನಾರ್ ಎಂಬ ವಿದ್ವಾಂಸ ಇದನ್ನು ಕಂಡು, ಇದೇನು ಹಳೆಯ ರೋಮನ್ ದೇವತೆಗಳ ವಿಗ್ರಹದಂತಿದೆಯಲ್ಲ ಎಂದು ಹಂಗಿಸಿದ. ಮೂರ್ತಿಯ ಮುಂದೆ ಕಿಕ್ಕಿರಿದ ರೈತಾಪಿ ಜನ, ಆ ಕಣ್ಣು ತಮ್ಮನ್ನು ನೋಡುತ್ತಿದೆ ಎಂದು ನಂಬಿದ್ದನ್ನೂ ಅವನೇ ಬರೆದಿದ್ದಾನೆ. ಕೊನೆಗೆ ಹಂಗಿಸಿದ್ದಕ್ಕೆ ಪಶ್ಚಾತ್ತಾಪಪಟ್ಟು, ಅವಳ ಪವಾಡಗಳನ್ನು ಕೂಡಿಸಿ ಬರೆಯುವುದಕ್ಕೇ ಕೂತ. ಉತ್ಸವಮೂರ್ತಿಯ ಎದುರು ನಿಂತು ಬಲ್ಲ ನಮ್ಮ ಓದುಗರಿಗೆ ಆ ರೈತರ ಮನಸ್ಸನ್ನು ನಾನು ಹೊಸದಾಗಿ ವಿವರಿಸಬೇಕಿಲ್ಲ.

ಈಗಿರುವ ಇಗರ್ಜಿ ಕಟ್ಟಿದ್ದು ಹನ್ನೊಂದನೇ ಶತಮಾನದ ನಡುವಿನಿಂದ ಹನ್ನೆರಡರ ಆರಂಭದವರೆಗೆ. ಫ್ರಾನ್ಸಿನ ಲ ಪ್ಯುಯಿ ಪಟ್ಟಣದಿಂದ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾ ಎಂಬ ಯಾತ್ರಾಸ್ಥಳಕ್ಕೆ ನಡೆದು ಹೋಗುವವರ ದಾರಿಯಲ್ಲಿ ಇದು ದೊಡ್ಡ ತಂಗುದಾಣ. ಬಂದವರು ಸುತ್ತು ಹಾಕಿ ಹೋಗಲೆಂದು ಗರ್ಭಗುಡಿಯ ಸುತ್ತ ಪ್ರದಕ್ಷಿಣಾ ಪಥವನ್ನೇ ಇಟ್ಟಿದ್ದಾರೆ. ಸೆರೆ ಬಿಡಿಸುವವಳು ಎಂಬುದು ಫ್ವಾಳ ಖ್ಯಾತಿ. ಬಿಡುಗಡೆಯಾದವರು ತಮ್ಮ ಬೇಡಿ ಸಂಕೋಲೆ ತಂದು ಒಪ್ಪಿಸುತ್ತಿದ್ದರಂತೆ. ಆ ಕಬ್ಬಿಣ ಕರಗಿಸಿ ಬಡಿದದ್ದೇ ಗರ್ಭಗುಡಿಯ ಸುತ್ತಲಿನ ಜಾಲರಿ ಎಂದು ಊರಲ್ಲಿ ಹೇಳುತ್ತಾರೆ.

ನಿಮ್ಮ ಮೊದಲ ಆಕ್ಷೇಪಕ್ಕೆ, ಇಷ್ಟು ಚಿಕ್ಕ ಊರಿಗೆ ಇಷ್ಟು ಪುಟ ಯಾಕೆ ಎಂಬುದಕ್ಕೆ, ಉತ್ತರ ಇಲ್ಲಿದೆ. ಕ್ರಾಂತಿಯ ಸರ್ಕಾರ ದೇಶದ ಉದ್ದಗಲಕ್ಕೂ ಇಗರ್ಜಿಗಳ ಚಿನ್ನ ಬೆಳ್ಳಿಯನ್ನು ಕರಗಿಸಲು ಒಯ್ಯುತ್ತಿತ್ತು. ರಾಜರು ಕಟ್ಟಿಸಿದ, ಕಾವಲಿದ್ದ ದೊಡ್ಡ ದೊಡ್ಡ ಇಗರ್ಜಿಗಳೇ ಬರಿದಾದವು. ಕೋಂಕ್‌ನ ಜನ ರಾತ್ರೋರಾತ್ರಿ ಭಂಡಾರವನ್ನು ಹಂಚಿಕೊಂಡು ತಂತಮ್ಮ ಮನೆ, ಹಿತ್ತಿಲುಗಳಲ್ಲಿ ಬಚ್ಚಿಟ್ಟರು. ಬಡ ಊರು, ಮೇಷ್ಟ್ರೇ. ಒಂದೊಂದು ಹರಳು ಒಂದು ಸಂಸಾರದ ಬವಣೆ ನೀಗಿಸುತ್ತಿತ್ತು. ಗಂಡಾಂತರ ಕಳೆದ ಮೇಲೆ ತಂದು ಒಪ್ಪಿಸಿದರು. ಹೀಗಾಗಿಯೇ ಫ್ರಾನ್ಸಿನ ಮಧ್ಯಯುಗದ ಭಂಡಾರಗಳಲ್ಲಿ ಅತ್ಯಂತ ಶ್ರೀಮಂತವಾದವುಗಳಲ್ಲೊಂದು ಇವತ್ತು ಇರುವುದು ಒಂದು ಹಳ್ಳಿಯಲ್ಲಿ. ಇದೇ ಜನ ಮಠದ ಒಳಾಂಗಣದ ಕಂಬಸಾಲು ಪಾಳುಬಿದ್ದಾಗ ಅದರ ಕಲ್ಲನ್ನು ಮನೆ ಕಟ್ಟಲು ಹೊತ್ತದ್ದೂ ನಿಜ. ಎರಡನ್ನೂ ಹೇಳಬೇಕು. 1837ರಲ್ಲಿ ಪ್ರಾಚೀನ ಸ್ಮಾರಕಗಳ ತಪಾಸಕರಾಗಿ ಪ್ರೋಸ್ಪೆರ್ ಮೆರಿಮೆ ಬಂದಾಗ ಕಟ್ಟಡ ಕುಸಿಯುವ ಸ್ಥಿತಿಯಲ್ಲಿತ್ತು. ಇಂಥ ಕಾಡಿನ ಮೂಲೆಯಲ್ಲಿ ಇಷ್ಟು ಸಂಪತ್ತೇ ಎಂದು ಬೆರಗಾಗಿ ವರದಿ ಕೊಟ್ಟರು, ಜೀರ್ಣೋದ್ಧಾರಕ್ಕೆ ದಾರಿಯಾಯಿತು. 1998ರಲ್ಲಿ ಯಾತ್ರಾಮಾರ್ಗದ ಭಾಗವಾಗಿ ಇಗರ್ಜಿಯೂ ದುರ್ದು ಹೊಳೆಯ ಹಳೆಯ ಸೇತುವೆಯೂ ಯುನೆಸ್ಕೊ ಪಟ್ಟಿ ಸೇರಿದವು.

ಕಿಟಕಿಯ ಗಾಜಿನ ವಿಷಯ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು, ಅದು ನನ್ನನ್ನು ಕಾಡುತ್ತಿತ್ತು. ರೋದೆಸ್‌ನಲ್ಲಿ 1919ರಲ್ಲಿ ಹುಟ್ಟಿದ ಪಿಯೆರ್ ಸುಲಾಜ್ ಕಪ್ಪು ಬಣ್ಣವೊಂದನ್ನೇ ಹಿಡಿದು ಜಗತ್ಪ್ರಸಿದ್ಧರಾದ ಚಿತ್ರಕಾರ. ಶಾಲೆಯ ಹುಡುಗನಾಗಿ ಕೋಂಕ್‌ಗೆ ಬಂದಾಗಲೇ ತನ್ನ ಬದುಕು ಕಲೆಗೆ ಎಂದು ನಿಶ್ಚಯಿಸಿದೆ ಎಂದು ಅವರೇ ಹೇಳುತ್ತಿದ್ದರು. 1994ರಲ್ಲಿ ಇಡೀ ಇಗರ್ಜಿಗೆ ಅವರು ಮಾಡಿಕೊಟ್ಟ 104 ಕಿಟಕಿಗಳಲ್ಲಿ ಬಣ್ಣವೇ ಇಲ್ಲ, ಚಿತ್ರವೂ ಇಲ್ಲ. ಬಿಳಿ ಗಾಜು, ಓರೆಯಾಗಿ ಬಾಗಿ ಹರಿಯುವ ಕಪ್ಪು ಗೆರೆ. ಗಾಜಿನಾಚೆ ಏನೂ ಕಾಣದು, ಬೆಳಕು ಮಾತ್ರ ಒಳಗಿಳಿಯುತ್ತದೆ. ಹೊತ್ತು ಸರಿದಂತೆ ಅದರ ಛಾಯೆ ಬದಲಾಗುತ್ತದೆ. ಬಣ್ಣದ ಗಾಜಿಗೆ ಒಗ್ಗಿದ್ದ ಕೆಲವರು ಮೊದಮೊದಲು ಮುನಿಸಿಕೊಂಡರು. ಹಳೆಯ ಕಲ್ಲಿನ ಬಣ್ಣ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ ಎಂದು ನನ್ನ ನಂಬಿಕೆ.

ಕೊನೆಗೆ ಆ ಮುಖಗಳು. ನಿಮ್ಮ ಪತ್ರ ಬಂದ ಮೇಲೆ ಬಾಗಿಲ ಚಿತ್ರದ ದೊಡ್ಡ ಪ್ರತಿಯನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಕೂತೆ. ಅಂತಿಮ ತೀರ್ಪಿನ ಆ ಶಿಲ್ಪದಲ್ಲಿ 124 ಆಕೃತಿಗಳಿವೆ. ನಡುವೆ ಕ್ರಿಸ್ತ, ಅವನ ಬಲಕ್ಕೆ ಸ್ವರ್ಗ, ಎಡಕ್ಕೆ ನರಕ. ತಕ್ಕಡಿಯಲ್ಲಿ ಆತ್ಮ ತೂಗುವಾಗ ಸೈತಾನ ತನ್ನ ತಟ್ಟೆಯನ್ನು ಬೆರಳಿನಿಂದ ಕೆಳಕ್ಕೆ ಒತ್ತುತ್ತಿದ್ದಾನೆ. ಒಂದು ಮೂಲೆಯಲ್ಲಿ ಫ್ವಾ ಬಾಗಿ ಬೇಡುತ್ತಿದ್ದಾಳೆ, ದೇವರ ಕೈ ಮಾತ್ರ ಮೋಡದಿಂದ ಚಾಚಿ ಬಂದಿದೆ. ಅವಳ ಹಿಂದೆ ತೂಗುಹಾಕಿದ ಬೇಡಿಗಳು. ನೀವು ಕೇಳಿದವರು ಇದೆಲ್ಲದರ ಹೊರಗೆ, ಕಮಾನಿನ ಅಂಚಿನಲ್ಲಿ, ಒಟ್ಟು ಹದಿನಾಲ್ಕು ಮಂದಿ. ಅವರನ್ನು ಅಲ್ಲಿ ‘ಕುತೂಹಲಿಗಳು’ ಎಂದಷ್ಟೇ ಕರೆಯುತ್ತಾರೆ. ಸ್ವರ್ಗಕ್ಕೂ ಸೇರದೆ ನರಕಕ್ಕೂ ಸೇರದೆ, ಕಲ್ಲಿನ ಪಟ್ಟಿಯನ್ನು ಕಂಬಳಿಯ ಅಂಚಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಅದರ ಮೇಲಿಂದ ಕಣ್ಣು ಮೂಗು ಮಾತ್ರ ತೋರಿಸುತ್ತ ನೋಡುತ್ತಿದ್ದಾರೆ. ಬೆರಳುಗಳನ್ನು ಒಂದೊಂದಾಗಿ ಎಣಿಸಬಹುದು. ದೊಡ್ಡ ಪ್ರತಿಯನ್ನು ಇದರ ಜೊತೆಗೇ ಅಂಚೆಗೆ ಹಾಕಿದ್ದೇನೆ.

ನಿಮ್ಮ ವಿಶ್ವಾಸಿ,
ಸಂಪಾದಕ