ಶಿಳ್ಳೆ ಹೊಡೆಯುವ ಪೆಡಲ್‌ಬೋರ್ಡಿಗೆ ಮದ್ದು ಹಲಗೆಯಲ್ಲಿಲ್ಲ

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದು, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಟ್ಯೂನರ್, ಓವರ್‌ಡ್ರೈವ್, ಡಿಸ್ಟಾರ್ಷನ್, ಕೋರಸ್, ಡಿಜಿಟಲ್ ಡಿಲೇ ಎಂದು, ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ಜೋಡಿಸಿ ಕಾಲಿನಿಂದ ಒತ್ತುವ ಐದು ಪೆಡಲ್‌ಗಳಿವೆ. ಒಂದೇ ಅಡಾಪ್ಟರ್‌ಗೆ ಐದು ಕವಲಿನ ವೈರ್ ಹಾಕಿ ಎಲ್ಲಕ್ಕೂ ಕರೆಂಟು ಕೊಟ್ಟಿದ್ದೇನೆ. ಡಿಲೇಗೆ ಕರೆಂಟು ಕೊಟ್ಟು ಡಿಸ್ಟಾರ್ಷನ್ ಒತ್ತಿದರೆ ಸಣ್ಣ ಶಿಳ್ಳೆಯಂಥ ಸದ್ದು ಬರುತ್ತದೆ. ಒಂದು ಬೋರ್ಡ್ ಮಾಡಿಸಿ ಎಲ್ಲವನ್ನೂ ಸರಿಯಾಗಿ ಜೋಡಿಸಬೇಕೆಂದಿದ್ದೇನೆ. ಅಳತೆ ಎಷ್ಟಿರಬೇಕು, ಪೆಡಲ್‌ಗಳ ಕ್ರಮ ಯಾವುದು? ಇದೆಲ್ಲ ಬಿಟ್ಟು, ಎಲ್ಲ ಪೆಡಲ್‌ಗಳ ಕೆಲಸವನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾಡುವ ಮಲ್ಟಿ ಎಫೆಕ್ಟ್ಸ್ ಕೊಳ್ಳುವುದೇ ವಾಸಿಯೇ?

ಉತ್ತರ: ಬೋರ್ಡ್ ಮಾಡಿಸುವ ಮೊದಲು ಆ ಶಿಳ್ಳೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಿಕೊಳ್ಳಿ, ಏಕೆಂದರೆ ಹಲಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಈಗಿನ ವೈರಿಂಗನ್ನೇ ಅದರ ಮೇಲೆ ಕೂರಿಸಿದರೆ ಸದ್ದೂ ಅದರ ಜೊತೆಗೇ ಬರುತ್ತದೆ. ವೇದಿಕೆಯ ಮೇಲೆ ಡ್ರಮ್ಸ್ ಮತ್ತು ಬೇಸ್‌ಗಳ ನಡುವೆ ಇಂಥ ಸದ್ದು ಮುಚ್ಚಿಹೋಗುತ್ತದೆ. ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ಮೆಲ್ಲಗೆ ನುಡಿಸುವ ಕೋಣೆಯಲ್ಲಿ ಅದೇ ಎದ್ದು ಕೇಳುತ್ತದೆ. ಆದ್ದರಿಂದ ಮನೆಯ ಬೋರ್ಡಿನ ಮಟ್ಟಿಗೆ ಮೊದಲ ಖರ್ಚು ಪವರ್ ಸಪ್ಲೈಗೆ, ಎರಡನೆಯದು ಪೆಡಲ್‌ನಿಂದ ಪೆಡಲ್‌ಗೆ ಹೋಗುವ ಪ್ಯಾಚ್ ಕೇಬಲ್‌ಗಳಿಗೆ, ಆರನೆಯ ಪೆಡಲ್ ಏನಿದ್ದರೂ ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆ ಸುಲಭವಿದೆ. ಡಿಸ್ಟಾರ್ಷನ್ ಪೆಡಲ್‌ನಿಂದ ಅಡಾಪ್ಟರ್ ವೈರ್ ತೆಗೆದು, ಅದಕ್ಕೆ 9 ವೋಲ್ಟಿನ ಬ್ಯಾಟರಿ ಹಾಕಿ ನುಡಿಸಿ ನೋಡಿ. ಶಿಳ್ಳೆ ನಿಂತರೆ ಅಥವಾ ಬಹುಪಾಲು ತಗ್ಗಿದರೆ ದೋಷ ಪೆಡಲ್‌ನದಲ್ಲ, ಎಲ್ಲವೂ ಹಂಚಿಕೊಂಡಿರುವ ಕರೆಂಟಿನದು. ಡಿಜಿಟಲ್ ಡಿಲೇಯೊಳಗಿನ ಚಿಪ್‌ಗಳು ಅತಿ ವೇಗದ ತುಣುಕುಗಳಲ್ಲಿ ಕರೆಂಟು ಎಳೆದುಕೊಳ್ಳುವುದರಿಂದ ಅದರ ಏರಿಳಿತವು ಕವಲು ವೈರಿನ ಮೂಲಕ ಉಳಿದ ನಾಲ್ಕು ಪೆಡಲ್‌ಗಳಿಗೂ ಹರಡುತ್ತದೆ, ಮತ್ತು ಅತಿ ಸಣ್ಣ ಸಂಕೇತವನ್ನೂ ನೂರಾರು ಪಟ್ಟು ಹಿಗ್ಗಿಸುವುದೇ ಕೆಲಸವಾಗಿರುವ ಡಿಸ್ಟಾರ್ಷನ್ ಅದನ್ನು ಹೆಕ್ಕಿ ನಿಮ್ಮ ಕಿವಿಗೆ ಮುಟ್ಟಿಸುತ್ತದೆ. ದೊಡ್ಡ ಅಡಾಪ್ಟರ್ ತಂದರೆ ಇದು ಹೋಗುವುದಿಲ್ಲ. ಸಾಧಾರಣ ಓವರ್‌ಡ್ರೈವ್ ಎಳೆಯುವುದು 20 ಮಿಲಿಆಂಪಿಯರ್‌ಗಿಂತಲೂ ಕಡಿಮೆ, ಡಿಜಿಟಲ್ ಡಿಲೇ 50ರಿಂದ 100ರ ಆಸುಪಾಸು. ಹಾಗಾಗಿ 500 ಮಿಲಿಆಂಪಿಯರ್‌ನ ಅಡಾಪ್ಟರ್ ಸಾಮರ್ಥ್ಯದಲ್ಲಿ ನಿಮ್ಮ ಐದಕ್ಕೂ ಸಾಕು. ಸಾಲದಿರುವುದು ಪ್ರತ್ಯೇಕತೆ.

ಕಡಿಮೆ ಖರ್ಚಿನ ಪರಿಹಾರವೆಂದರೆ ಉಳಿದ ನಾಲ್ಕನ್ನು ಈಗಿನ ಅಡಾಪ್ಟರ್‌ನಲ್ಲೇ ಬಿಟ್ಟು, ಡಿಲೇಗೆ ಮಾತ್ರ ಬೇರೆ ಅಡಾಪ್ಟರ್ ಕೊಡುವುದು. ಎಷ್ಟೋ ಬೋರ್ಡುಗಳಿಗೆ ಇಷ್ಟರಿಂದಲೇ ಗುಣ ಕಾಣುತ್ತದೆ. ಬೋರ್ಡನ್ನು ಬೆಳೆಸುವ ಯೋಚನೆಯಿದ್ದರೆ ಐಸೊಲೇಟೆಡ್ ಪವರ್ ಸಪ್ಲೈ, ಅಂದರೆ ಪ್ರತಿ ಪೆಡಲ್‌ಗೂ ಒಳಗೇ ಪ್ರತ್ಯೇಕಿಸಿದ ಕರೆಂಟು ಕೊಡುವಂಥದ್ದು, ಕೊಳ್ಳಿ. ಡಬ್ಬಿಯ ಮೇಲೆ ಹಾಗೆಂದು ಅಚ್ಚಾಗಿದ್ದ ಮಾತ್ರಕ್ಕೆ ನಂಬಬೇಡಿ. ಎಸ್.ಪಿ. ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಸಾದಾ ಮಲ್ಟಿಮೀಟರ್ ಒಂದನ್ನು ತೆಗೆದುಕೊಂಡು ಬೀಪ್ ಸ್ಥಾನಕ್ಕೆ ತಿರುಗಿಸಿ, ಸಪ್ಲೈಗೆ ಕರೆಂಟಿಲ್ಲದಾಗ, ಎರಡು ಔಟ್‌ಪುಟ್‌ಗಳ ಪ್ಲಗ್ಗಿನ ನೆಗೆಟಿವ್ ಆದ ನಡುಭಾಗಗಳನ್ನು ಅದರ ಎರಡು ಕಡ್ಡಿಗಳಿಂದ ಮುಟ್ಟಿಸಿ ನೋಡಿ. ಬೀಪ್ ಎಂದರೆ ಎರಡೂ ಒಳಗೆ ಒಂದಾಗಿವೆ ಎಂದರ್ಥ. ಅಂಥದ್ದಕ್ಕೆ ಹೆಚ್ಚಿನ ಬೆಲೆ ತೆರಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆ. ಬಹುತೇಕ ಪೆಡಲ್‌ಗಳು 9 ವೋಲ್ಟಿನವು, ಅವುಗಳ ಪ್ಲಗ್ಗಿನ ನಡುಭಾಗ ನೆಗೆಟಿವ್. ಮನೆಯ ವೈಫೈ ರೂಟರ್‌ನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟಿನದಾಗಿದ್ದು ನಡುಭಾಗ ಪಾಸಿಟಿವ್ ಆಗಿರುತ್ತದೆ, ಆದರೂ ಪ್ಲಗ್ ಪೆಡಲ್‌ನೊಳಗೆ ಸಲೀಸಾಗಿ ಕೂರಬಹುದು. ಒಂದು ಸಲ ಸಿಕ್ಕಿಸಿದರೂ ಪೆಡಲ್ ಸುಟ್ಟುಹೋಗಬಹುದು.

ಶಿಳ್ಳೆ ಹೋದ ಮೇಲೂ ಗುಂಯ್ ಎನ್ನುವ ಸದ್ದು ಉಳಿದರೆ ಗಿಟಾರ್ ಹಿಡಿದುಕೊಂಡೇ ನಿಧಾನವಾಗಿ ಸುತ್ತ ತಿರುಗಿ. ತಿರುಗಿದಂತೆ ಸದ್ದು ಏರಿಳಿದರೆ ಅದನ್ನು ಹಿಡಿಯುತ್ತಿರುವುದು ತಂತಿಗಳ ಕೆಳಗಿರುವ ನಿಮ್ಮ ಪಿಕಪ್, ಅದರಲ್ಲೂ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್. ನಮ್ಮ ಮನೆಗಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಸೀಲಿಂಗ್ ಫ್ಯಾನಿನ ಗುಂಡಿ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟರೆ ಅಥವಾ ಆರಿಸಿದರೆ ಆ ಸದ್ದು ತಗ್ಗುವುದೋ ನೋಡಿ. ತಗ್ಗಿದರೆ ಮೆಟ್ಟಿಲು ಮೆಟ್ಟಿಲಾಗಿ ವೇಗ ಬದಲಾಗುವ ಕೆಪಾಸಿಟರ್ ಮಾದರಿಯ ರೆಗ್ಯುಲೇಟರ್ ಹಾಕಿಸಿಕೊಳ್ಳಿ. ಕರೆಂಟು ಹೋಗಿ ಮನೆ ಯುಪಿಎಸ್ ಮೇಲೆ ನಡೆಯುವಾಗ ಮಾತ್ರ ಆಂಪ್ (ಆಂಪ್ಲಿಫೈಯರ್) ಗುಂಯ್‌ಗುಟ್ಟಿದರೆ ಅದು ಸ್ಕ್ವೇರ್ ವೇವ್ ಯುಪಿಎಸ್ ಇರಬಹುದು, ಆಗ ಬೆಸ್ಕಾಂ ಕರೆಂಟು ಬರುವವರೆಗೆ ಕಾಯುವುದೇ ಸರಿ. ಗದ್ದಲ ತಗ್ಗಿಸಲೆಂದು ಆಂಪಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವ ಅಥವಾ ಎರಡು ಪಿನ್ನಿನ ಸಾಕೆಟ್‌ಗೆ ಹಾಕುವ ಉಪಾಯ ಯಾರು ಹೇಳಿದರೂ ಕೇಳಬೇಡಿ. ತಂತಿ ಮುಟ್ಟಿದಾಗ ಸದ್ದು ತಗ್ಗುವುದು ಸಹಜ, ಆದರೆ ಬೆರಳು ಜುಮ್ಮೆಂದರೆ ಅದು ಶಾಕ್‌ನ ಮುನ್ಸೂಚನೆಯಾಗಿರಬಹುದು. ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್ಟಿನ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಕ್ರಮದ ವಿಷಯದಲ್ಲಿ ನೀವು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ: ಪ್ರಶ್ನೆಯಲ್ಲಿ ಪೆಡಲ್‌ಗಳನ್ನು ಯಾವ ಸಾಲಿನಲ್ಲಿ ಬರೆದಿದ್ದೀರೋ ಅದೇ ಒಳ್ಳೆಯ ಕ್ರಮ. ಡಿಲೇಯನ್ನು ಡಿಸ್ಟಾರ್ಷನ್‌ಗಿಂತ ಮೊದಲು ಇಟ್ಟರೆ ಕ್ರಮೇಣ ಕ್ಷೀಣಿಸಬೇಕಾದ ಮಾರ್ದನಿಗಳನ್ನೆಲ್ಲ ಡಿಸ್ಟಾರ್ಷನ್ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಂದು ಕಲಸುಮೇಲೋಗರ ಮಾಡುತ್ತದೆ. ಓವರ್‌ಡ್ರೈವನ್ನು ಗೇನ್ (ನಾದ ಒಡೆಯುವ ಪ್ರಮಾಣ) ಕಡಿಮೆ, ಲೆವೆಲ್ (ಹೊರಬರುವ ಸದ್ದು) ಹೆಚ್ಚು ಇಟ್ಟುಕೊಂಡು ಡಿಸ್ಟಾರ್ಷನ್‌ಗಿಂತ ಮೊದಲು ಬಳಸಿದರೆ ಮೆಲು ದನಿಯಲ್ಲೂ ನಾದಕ್ಕೆ ಬಿಗಿ ಬರುತ್ತದೆ. ಆಂಪಿನದೇ ಗೇನ್ ಬಳಸುವವರು, ಆಂಪಿನ ಹಿಂದೆ ಸೆಂಡ್, ರಿಟರ್ನ್ ಜ್ಯಾಕ್‌ಗಳಿದ್ದರೆ, ಕೋರಸ್ ಮತ್ತು ಡಿಲೇಗಳನ್ನು ಅಲ್ಲಿ ಜೋಡಿಸಬೇಕು. ಅವಿಲ್ಲದ ಪುಟ್ಟ ಆಂಪಾದರೆ ಅದನ್ನು ಕ್ಲೀನ್ ಆಗಿಟ್ಟು ಡಿಸ್ಟಾರ್ಷನ್ನನ್ನು ಪೆಡಲ್‌ನಿಂದಲೇ ಪಡೆಯಿರಿ. ಉದ್ದ ಕೇಬಲ್‌ನಲ್ಲಿ ಸಂಕೇತ ಮಂಕಾಗದಂತೆ ತಡೆಯುವ ಬಫರ್ ಬೇಕೇ ಎಂಬ ಚರ್ಚೆ ಮನೆಯಲ್ಲಿ 3 ಮೀಟರ್ ಕೇಬಲ್ ಬಳಸುವವರಿಗೆ ಅಷ್ಟೇನೂ ಮುಖ್ಯವಲ್ಲ.

ಇನ್ನು ಹಲಗೆ. ಬಾಸ್ ಕಂಪನಿಯ ಕಾಂಪ್ಯಾಕ್ಟ್ ಪೆಡಲ್ 73 ಮಿಲಿಮೀಟರ್ ಅಗಲ, 129 ಮಿಲಿಮೀಟರ್ ಉದ್ದವಿರುತ್ತದೆ. ಎರಡು ಪೆಡಲ್‌ಗಳ ನಡುವೆ ಪ್ಲಗ್ಗಿಗೆ ಸುಮಾರು 30 ಮಿಲಿಮೀಟರ್ ಬಿಟ್ಟರೆ, ಹಿಂದೆ ಮೂರು, ಮುಂದೆ ಎರಡು ಎಂದು ಎರಡು ಸಾಲಾಗಿ ಐದೂ 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಹಲಗೆಯ ಮೇಲೆ ಕೂರುತ್ತವೆ. ಬಡಗಿಯವರ ಬಳಿ ಉಳಿದಿರುವ 12 ಮಿಲಿಮೀಟರ್ ಪ್ಲೈವುಡ್ ತುಂಡು ಇದಕ್ಕೆ ಧಾರಾಳ. ಇಡೀ ಹಲಗೆಯ ಬದಲು ನಡುವೆ ಸಂದು ಬಿಟ್ಟ ಎರಡು ಪಟ್ಟಿಗಳನ್ನು ಹೊಡೆಸಿ, ಹಿಂಬದಿಯನ್ನು 6-7 ಸೆಂಟಿಮೀಟರ್ ಎತ್ತರಿಸಿದರೆ ಪವರ್ ಸಪ್ಲೈ ಕೆಳಗೇ ಅಡಗುತ್ತದೆ. ಹೆಚ್ಚಿನ ಪೆಡಲ್‌ಗಳಲ್ಲಿ ಇನ್‌ಪುಟ್ ಬಲಕ್ಕೆ, ಔಟ್‌ಪುಟ್ ಎಡಕ್ಕೆ ಇರುವುದರಿಂದ ಗಿಟಾರ್ ವೈರ್ ಬಲಗಡೆಯಿಂದ ಬರುವಂತೆ ಜೋಡಿಸಿ. ಕರೆಂಟಿನ ವೈರುಗಳು ಪ್ಯಾಚ್ ಕೇಬಲ್‌ಗಳ ಜೊತೆ ಉದ್ದಕ್ಕೂ ಸಾಗದೆ ಅಡ್ಡ ಹಾಯ್ದು ಹೋಗಲಿ. ವೆಲ್ಕ್ರೋ ಅಂಟಿಸುವ ಆತುರ ಬೇಡ, ಕೆಲವು ದಿನ ಹಾಗೇ ಇಟ್ಟು ನುಡಿಸಿದರೆ ಯಾವ ಪೆಡಲ್ ಕೈಗೆ ಅಥವಾ ಕಾಲಿಗೆ ಹತ್ತಿರ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಕೈಗೆ ಎಂದು ಬೇಕೆಂದೇ ಬರೆದೆ: ಕುರ್ಚಿಯ ಮೇಲೆ ಕೂತು ನುಡಿಸುವವರು ಬೋರ್ಡನ್ನು ಗಿಡ್ಡ ಮೇಜಿನ ಮೇಲೆ ಇಟ್ಟುಕೊಂಡರೆ ಡಿಲೇಯ ಗುಂಡಿಗಳಿಗಾಗಿ ಪದೇ ಪದೇ ಬಗ್ಗುವುದು ತಪ್ಪುತ್ತದೆ.

ಮಲ್ಟಿ ಎಫೆಕ್ಟ್ಸ್‌ನ ಪರವಾಗಿ ಒಂದು ಬಲವಾದ ವಾದವಿದೆ, ಅದು ಹೆಡ್‌ಫೋನ್. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದವನ್ನು ಬಹಳವಾಗಿ ಕುಗ್ಗಿಸುವುದರಿಂದ ಡಿಸ್ಟಾರ್ಷನ್ ಹಿತವಾಗಿ ಕೇಳುತ್ತದೆ. ಅದೇ ಪೆಡಲನ್ನು ನೇರವಾಗಿ ಹೆಡ್‌ಫೋನಿಗೆ ಕೊಟ್ಟರೆ ಕಿವಿ ಗೀರಿದಂತಾಗುತ್ತದೆ. ಮಲ್ಟಿ ಎಫೆಕ್ಟ್ಸ್‌ನಲ್ಲಿ ಸ್ಪೀಕರ್‌ನ ಈ ಗುಣವನ್ನು ಅನುಕರಿಸುವ ವ್ಯವಸ್ಥೆ ಒಳಗೇ ಇರುತ್ತದೆ. ನೀವು ನುಡಿಸುವುದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆಯೇ ಆದರೆ ಅದನ್ನೇ ಕೊಳ್ಳಿ. ಅಲ್ಲದಿದ್ದರೆ ಇರುವ ಐದು ಪೆಡಲ್‌ಗಳಿಗೆ ಒಳ್ಳೆಯ ಸಪ್ಲೈ ಸಾಕು.

ಪ್ರಶ್ನೆ: ಮಲ್ಲೇಶ್ವರದಲ್ಲಿದ್ದೇನೆ, ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ಅಭ್ಯಾಸ ಮಾಡುತ್ತೇನೆ. ನನಗೆ ಯಾವ ಪೆಡಲ್‌ಗಳು ಬೇಕು?

ಉತ್ತರ: ಟ್ಯೂನರ್ ಆದ ಮೇಲೆ ಒಂದು ಕಂಪ್ರೆಸರ್, ಕೊನೆಯಲ್ಲಿ ದೊಡ್ಡ ಕೋಣೆಯ ಅನುರಣನ ಕೊಡುವ ರಿವರ್ಬ್ ತುಸು, ಇಷ್ಟೇ. ಕಂಪ್ರೆಸರ್ ಸ್ವರ ಬೇಗ ಆರಿಹೋಗದಂತೆ ತಡೆಯುವುದರಿಂದ ಜಾರು, ಗಮಕಗಳು ಕೊನೆಯವರೆಗೂ ಕೇಳುತ್ತವೆ. ಆದರೆ ಅದು ಹಿನ್ನೆಲೆಯ ಗದ್ದಲವನ್ನೂ ಎತ್ತಿ ತೋರಿಸುತ್ತದೆ, ಆದ್ದರಿಂದ ಗುಂಡಿಯನ್ನು ಅರ್ಧಕ್ಕಿಂತ ಕಡಿಮೆಯಿಂದಲೇ ಆರಂಭಿಸಿ. ಕೋರಸ್ ಬೇಡ. ಸ್ವಲ್ಪ ಸ್ಥಾನ ಪಲ್ಲಟವಾದ ಇನ್ನೊಂದು ಸ್ವರವನ್ನು ಮೂಲಕ್ಕೆ ಬೆರೆಸುವುದೇ ಅದರ ಕೆಲಸವಾದ್ದರಿಂದ ತಂಬೂರಿಯ ಮುಂದೆ ನಿಮ್ಮ ಶ್ರುತಿ ಸರಿಯಿದ್ದರೂ ತಪ್ಪಿದಂತೆ ಕೇಳುತ್ತದೆ. ಡಿಲೇ ಬೇಕೇಬೇಕೆನಿಸಿದರೆ ಲಯಕ್ಕೆ ಹೊಂದಿಸಿ: ನಿಮಿಷಕ್ಕೆ 80 ಅಕ್ಷರಗಳ ಕಾಲಪ್ರಮಾಣಕ್ಕೆ 750 ಮಿಲಿಸೆಕೆಂಡ್ ಸರಿಹೋಗುತ್ತದೆ, ಮಾರ್ದನಿ ಒಂದೇ ಸಲ ಬರಲಿ. ತಂಬೂರಿಯ ಆ್ಯಪನ್ನು ಇದೇ ಆಂಪಿಗೆ ಕೊಡದೆ ಬೇರೆ ಸ್ಪೀಕರ್‌ನಲ್ಲಿ ಹಾಕಿಕೊಳ್ಳಿ.